ಸಿಂಪ್ಸನ್ ಮರುಭೂಮಿ ದಾಟುವವರು ಮೊದಲು ಟೈರಿನ ಗಾಳಿ ಇಳಿಸಿ

ಹೋದ ಜುಲೈನಲ್ಲಿ ನಾವು ನಾಲ್ಕು ಜನ, ಎರಡು ಫೋರ್‌ವೀಲ್ ಡ್ರೈವ್ ಗಾಡಿಗಳಲ್ಲಿ ಆಸ್ಟ್ರೇಲಿಯಾದ ಸಿಂಪ್ಸನ್ ಮರುಭೂಮಿ ದಾಟಿ ಬಂದೆವು. ಪಶ್ಚಿಮದ ಮೌಂಟ್ ಡೇರ್‌ನಿಂದ ಹೊರಟು, ಫ್ರೆಂಚ್ ಲೈನ್ ಹಿಡಿದು ಪೂರ್ವದ ಬರ್ಡ್ಸ್‌ವಿಲ್ ಸೇರುವ ದಾರಿ. ಒಟ್ಟು ಸುಮಾರು 500 ಕಿಲೋಮೀಟರ್. ನಡುವೆ 1,100ಕ್ಕೂ ಹೆಚ್ಚು ಮರಳುದಿಬ್ಬಗಳು ಉತ್ತ ಹೊಲದ ಸಾಲುಗಳ ಹಾಗೆ ಒಂದರ ಪಕ್ಕ ಒಂದು ಮಲಗಿವೆ, ದಾರಿ ಅವುಗಳನ್ನು ಅಡ್ಡಡ್ಡ ಹತ್ತಿ ಇಳಿಯುತ್ತದೆ. 1960ರ ದಶಕದಲ್ಲಿ ಎಣ್ಣೆ ಹುಡುಕಲು ಬಂದ ಫ್ರೆಂಚ್ ಕಂಪನಿಯೊಂದು ಬುಲ್ಡೋಜರ್‌ನಲ್ಲಿ ಕೊರೆದ ಗೆರೆ ಇದು. ಹಾಗಾಗಿಯೇ ಆ ಹೆಸರು.

ದಿಕ್ಕಿನ ಬಗ್ಗೆ ಯೋಚಿಸುತ್ತಿದ್ದರೆ ಪಶ್ಚಿಮದಿಂದ ಪೂರ್ವಕ್ಕೇ ಹೋಗಿ. ದಿಬ್ಬಗಳ ಪಶ್ಚಿಮದ ಮಗ್ಗುಲು ಇಳಿಜಾರು, ಪೂರ್ವದ ಮಗ್ಗುಲು ಕಡಿದು. ಇಳಿಯುವಾಗ ಕಡಿದಾಗಿದ್ದರೆ ನಡೆಯುತ್ತದೆ, ಹತ್ತುವಾಗ ಬೇಡ.

ಮೌಂಟ್ ಡೇರ್ ಬಿಟ್ಟರೆ ಬರ್ಡ್ಸ್‌ವಿಲ್‌ವರೆಗೆ ಎಲ್ಲೂ ಇಂಧನ ಸಿಗುವುದಿಲ್ಲ. ಡಾಂಬರು ರಸ್ತೆಯ ಲೆಕ್ಕ ಇಲ್ಲಿ ಹಿಡಿಯಬೇಡಿ. ನಮ್ಮ ಡೀಸೆಲ್ ಗಾಡಿ 100 ಕಿಲೋಮೀಟರಿಗೆ 18 ಲೀಟರ್ ಕುಡಿಯಿತು. 140 ಲೀಟರ್ ತುಂಬಿಸಿಕೊಂಡಿದ್ದರಿಂದ ನೆಮ್ಮದಿಯಾಗಿತ್ತು. ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಬಿಸಿಲಿನ ಕಾರಣಕ್ಕೆ ಈ ಮರುಭೂಮಿಯ ರಾಷ್ಟ್ರೀಯ ಉದ್ಯಾನ ಮುಚ್ಚಿರುತ್ತದೆ. ಒಳಗೆ ಹೋಗಲು ಬೇಕಾದ ಡೆಸರ್ಟ್ ಪಾರ್ಕ್ಸ್ ಪಾಸನ್ನು ಮೊದಲೇ ಮಾಡಿಸಿಕೊಳ್ಳಿ. ಜುಲೈನಲ್ಲಿ ಹಗಲು ಹಿತ, ರಾತ್ರಿ ನೀರಿನ ಕ್ಯಾನ್ ಮೇಲೆ ಮಂಜಿನ ಪದರ. ಡಾಲ್‌ಹೌಸಿಯ ಬಿಸಿನೀರಿನ ಬುಗ್ಗೆಯಲ್ಲಿ ಒಂದು ಸಂಜೆ ಕಳೆಯಿರಿ. ಆಮೇಲೆ ಸ್ನಾನದ ಮಾತು ಬರ್ಡ್ಸ್‌ವಿಲ್‌ನಲ್ಲೇ.

ಈಗ ಟೈರಿನ ಗಾಳಿಯ ವಿಷಯ. ಡಾಲ್‌ಹೌಸಿಯವರೆಗಿನ ಕಲ್ಲುದಾರಿಗೆ ನಾವು 28 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಟ್ಟುಕೊಂಡಿದ್ದೆವು. ಮರಳು ಶುರುವಾದಾಗ ನಾನು 18ಕ್ಕೆ ಇಳಿಸಿದೆ. ಹಿಂದಿನ ಗಾಡಿಯ ಗೆಳೆಯ, ಟೈರು ರಿಮ್ಮಿನಿಂದ ಕಳಚಿಕೊಂಡೀತು ಎಂಬ ಭಯಕ್ಕೆ, 24ರಲ್ಲೇ ನಿಲ್ಲಿಸಿದ. ಮೊದಲ ಹತ್ತು ದಿಬ್ಬ ವೇಗದ ಬಲದಿಂದ ದಾಟಿದ. ಹನ್ನೊಂದನೆಯದರ ನೆತ್ತಿಗೆ ಎರಡು ಮಾರು ಇರುವಾಗ ಚಕ್ರ ಸುತ್ತತೊಡಗಿತು. ಭಯದಿಂದ ಇನ್ನಷ್ಟು ಆಕ್ಸಿಲರೇಟರ್ ಒತ್ತಿದ. ಹಿಂದಿನ ಚಕ್ರಗಳು ಬಾವಿ ತೋಡಿಕೊಂಡು ಆಕ್ಸಲ್‌ವರೆಗೆ ಇಳಿದವು. ಮೊಣಕಾಲೂರಿ ಕೈಯಿಂದ ಮರಳು ಬಗೆದೆವು. ಮೇಲೆ ಬಿಸಿ ಮರಳು, ಒಂದು ಗೇಣು ಕೆಳಗೆ ತಣ್ಣಗೆ. ಅವನ ಟೈರುಗಳನ್ನೂ 18ಕ್ಕೆ ಇಳಿಸಿ, ಚಕ್ರದಡಿ ಹಿಡಿತಕ್ಕೆ ರಿಕವರಿ ಬೋರ್ಡ್ ಎಂಬ ಹಲಗೆ ಕೊಟ್ಟು, ನಿಧಾನವಾಗಿ ಹಿಂದಕ್ಕೆ ತೆಗೆದೆವು. ಅದೇ ಗಾಡಿ, ಅದೇ ದಿಬ್ಬ. ಈ ಸಲ ಸೆಕೆಂಡ್ ಗೇರಿನಲ್ಲಿ ಸದ್ದಿಲ್ಲದೆ ಹತ್ತಿತು. ಗಾಳಿ ಇಳಿಸಿದರೆ ಟೈರು ನೆಲಕ್ಕೆ ಒತ್ತಿಕೊಂಡು ಉದ್ದವಾಗುತ್ತದೆ, ಭಾರ ಹಂಚಿಹೋಗುತ್ತದೆ, ಮರಳು ಒಡೆಯುವುದಿಲ್ಲ.

ಇದರಲ್ಲಿ ಬೇರೆಯವರ ಹಿತವೂ ಇದೆ. ದಿಬ್ಬದ ಬುಡದಲ್ಲಿ ಬೆನ್ನು ಮುರಿಯುವ ಗುಂಡಿಗಳ ಸಾಲು ಸಿಗುತ್ತದಲ್ಲ, ಅದನ್ನು ಮಾಡುವುದು ಗಾಳಿ ಇಳಿಸದೆ ನುಗ್ಗುವ ಗಾಡಿಗಳು. ಹಿಂದೆ ಬರುವವರೆಲ್ಲ ಅದನ್ನು ಅನುಭವಿಸಬೇಕು. ದಯವಿಟ್ಟು ಗೇಜು, ಕಂಪ್ರೆಸರ್ ಎರಡನ್ನೂ ಒಯ್ಯಿರಿ, ಟ್ರೈಲರ್ ಬಿಟ್ಟು ಹೋಗಿ.

ಹತ್ತಲಾಗದಿದ್ದರೆ ತಕ್ಷಣ ರಿವರ್ಸ್ ಹಾಕಿ ಬಂದ ಗೆರೆಯಲ್ಲೇ ನೇರ ಇಳಿಯಿರಿ. ದಿಬ್ಬದ ಮೇಲೆ ತಿರುಗಿಸಲು ಹೋದರೆ ಗಾಡಿ ಉರುಳುವ ಅಪಾಯವಿದೆ. ಎಳೆಯುವಾಗ ಹಗ್ಗವನ್ನು ಟೋ ಬಾಲ್‌ಗೆ (ಟ್ರೈಲರ್ ಸಿಕ್ಕಿಸುವ ಗುಂಡಿಗೆ) ಎಂದೂ ಸಿಕ್ಕಿಸಬೇಡಿ. ಅದು ಕಿತ್ತು ಹಾರಿ ಜೀವಗಳೇ ಹೋಗಿವೆ. ಗಾಡಿಗೆ ಎತ್ತರದ ಬಾವುಟ ಕಟ್ಟಿ, ತುದಿ ನೆಲದಿಂದ 3.5 ಮೀಟರ್ ಮೇಲಿರಲಿ. ದಿಬ್ಬದ ಆಚೆಯಿಂದ ಬರುವವರಿಗೆ ಮೊದಲು ಕಾಣುವುದು ಅದೊಂದೇ. ಯುಎಚ್‌ಎಫ್ ರೇಡಿಯೊದ ಚಾನೆಲ್ 10ರಲ್ಲಿ ಆಗಾಗ ನಿಮ್ಮ ಇರವು ಹೇಳುತ್ತಿರಿ.

ಗಾಡಿಯಡಿ ಸಿಕ್ಕಿ ಹೊತ್ತಿಕೊಳ್ಳುವ ಸ್ಪಿನಿಫೆಕ್ಸ್ ಹುಲ್ಲಿನ ವಿಚಾರದಲ್ಲಿ ಮೈಮರೆಯಬೇಡಿ. ಮೂರನೆಯ ದಿನ ಊಟಕ್ಕೆ ನಿಲ್ಲಿಸಿದಾಗ ಸುಟ್ಟ ವಾಸನೆ ಬಂತು. ಬಗ್ಗಿ ನೋಡಿದರೆ ಎಕ್ಸಾಸ್ಟ್ ಪೈಪಿನ ಮೇಲೆ ಹಿಡಿ ತುಂಬುವಷ್ಟು ಒಣಹುಲ್ಲು, ತುದಿ ಕಪ್ಪಾಗಿತ್ತು. ಕಂಬಿ ಹಾಕಿ ಎಳೆದು ತೆಗೆದೆವು. ಅಂದಿನಿಂದ ನಿಂತಲ್ಲೆಲ್ಲ ಗಾಡಿಯ ಕೆಳಗೆ ಇಣುಕುವುದು ಅಭ್ಯಾಸವಾಯಿತು.

ಪೋಪೆಲ್ ಕಾರ್ನರ್ ತಪ್ಪಿಸಬೇಡಿ. ಮೂರು ಆಡಳಿತ ಪ್ರದೇಶಗಳ ಗಡಿ ಕೂಡುವ ಬಿಂದು. ಸರ್ವೇಯರ್ ಆಗಸ್ಟಸ್ ಪೋಪೆಲ್ 1880ರಲ್ಲಿ ಇಲ್ಲಿ ಮರದ ಕಂಬ ನೆಟ್ಟ, ಅಳತೆಯ ಸರಪಳಿಯೇ ಹಿಗ್ಗಿದ್ದರಿಂದ ಆಮೇಲೆ ಅದನ್ನು ಸರಿಸಬೇಕಾಯಿತು. ಇನ್ನೊಂದು ಮಾತು. ಇದು ಬರಿದಾದ ನೆಲವೇನಲ್ಲ. ವಾಂಗ್‌ಕಂಗುರು ಜನ ದಿಬ್ಬಗಳ ನಡುವೆ ಮಿಕಿರಿ ಎಂಬ ಆಳದ ಬಾವಿಗಳನ್ನು ತೋಡಿಕೊಂಡು ತಲೆಮಾರುಗಟ್ಟಲೆ ಬಾಳಿದ್ದಾರೆ. ನಾವು ತಲೆಗೆ ದಿನಕ್ಕೆ ಏಳು ಲೀಟರ್ ನೀರು ಹೊತ್ತು ಹೋಗಿದ್ದೆವು. ಅದನ್ನು ನೆನೆದಾಗ ಅವರ ಮೇಲೆ ಗೌರವ ಉಕ್ಕಿತು.

ಕೊನೆಯ ದಿಬ್ಬ ಬಿಗ್ ರೆಡ್, ಸುಮಾರು 40 ಮೀಟರ್ ಎತ್ತರ. ಎರಡು ಸಲ ಸೋತು, 14ಕ್ಕೆ ಇಳಿಸಿ ಮೂರನೆಯ ಸಲ ಹತ್ತಿದೆವು. ಬೇಡವೆನಿಸಿದರೆ ಬಳಸುದಾರಿ ಇದೆ. ಅಲ್ಲಿಂದ ಬರ್ಡ್ಸ್‌ವಿಲ್‌ಗೆ 35 ಕಿಲೋಮೀಟರ್ ಗಟ್ಟಿ ರಸ್ತೆ. ಊರು ಹತ್ತಿರ ಬಂತೆಂದು ಹಾಗೆಯೇ ಓಡಿಸಬೇಡಿ, ಕಡಿಮೆ ಗಾಳಿಯಲ್ಲಿ ವೇಗ ಹಿಡಿದರೆ ಟೈರು ಕಾದು ಒಡೆಯುತ್ತದೆ. ನಾವು ದಿಬ್ಬದ ಬುಡದಲ್ಲೇ ನಿಂತು ಎಂಟೂ ಟೈರಿಗೆ ಗಾಳಿ ತುಂಬಿಸಿದೆವು. ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು.