ಅಮ್ಮನ ನಿದ್ದೆ, ನಮ್ಮ ನಾಗಬನ, ಬೈಲುಕುಪ್ಪೆಯ ಆಮ್ಚಿ

ಅಪ್ಪ ಹೋಗಿ ಎಂಟು ತಿಂಗಳಾದ್ರೂ ಅಮ್ಮನಿಗೆ ರಾತ್ರಿ ನಿದ್ದೆ ಬರ್ತಾ ಇರ್ಲಿಲ್ಲ. ಹನ್ನೊಂದಕ್ಕೆ ಮಲಗಿದ್ರೆ ಒಂದೂವರೆಗೆ ಎಚ್ಚರ, ಅಲ್ಲಿಂದ ಬೆಳಗಾಗುವವರೆಗೆ ಕಿವಿಯಲ್ಲಿ ಗುಂಯ್ ಅಂತ ಶಬ್ದ, ನೋವು ಇವತ್ತು ಭುಜದಲ್ಲಿ ಅಂದ್ರೆ ನಾಳೆ ಸೊಂಟದಲ್ಲಿ, ಸುಮ್ಮನೆ ಕೂತಲ್ಲೇ ದೊಡ್ಡ ನಿಟ್ಟುಸಿರು. ಮಂಗಳೂರಲ್ಲಿ ಆಸ್ಪತ್ರೆಗೆ ಬರ ಉಂಟಾ, ಇಸಿಜಿ, ಥೈರಾಯ್ಡ್, ಶುಗರ್ ಎಲ್ಲ ನೋಡಿಸಿದೆವು, ಬಿಪಿ ಸ್ವಲ್ಪ ಜಾಸ್ತಿ ಬಿಟ್ರೆ ಬೇರೆಲ್ಲ ನಾರ್ಮಲ್.

ದೊಡ್ಡಮ್ಮ ಮಾತ್ರ ಮೊದಲ ದಿನದಿಂದ ಒಂದೇ ಮಾತು, ಇದು ನಾಗನ ದೋಷವೇ ಅಂತ. ಎರಡು ವರ್ಷದ ಹಿಂದೆ ತರವಾಡು ಮನೆಯ, ಅಂದ್ರೆ ನಮ್ಮ ಕುಟುಂಬದ ಮೂಲಮನೆಯ ನಾಗಬನಕ್ಕೆ (ನಾಗನ ಕಲ್ಲಿಟ್ಟು ಪೂಜಿಸುವ ಮರಗಳ ತೋಪು) ಕೆಂಪುಕಲ್ಲಿನ ಕಾಂಪೌಂಡ್ ಕಟ್ಟಿಸಿ, ಒಳಗೆ ಇಂಟರ್‌ಲಾಕ್ ಹಾಕಿಸುವಾಗ ಎರಡು ಹಳೇ ಮರ ಕಡಿಸಿದ್ರು, ಅದರ ಮುಂದೆ ನಿಂತು ಮಾಡಿಸಿದ್ದು ಅಪ್ಪ. ಅಣ್ಣನಿಗೆ ಇದನ್ನು ಕೇಳಿದ್ರೇ ಸಿಟ್ಟು. "ದೊಡ್ಡಮ್ಮ, ಎಲ್ಲದಕ್ಕೂ ನಾಗ ಹೇಳ್ಬೇಡಿ, ಅಮ್ಮನಿಗೆ ಬೇಜಾರಾಗಿದೆ ಅಷ್ಟೆ" ಅಂತ ಅವನು, "ನಿಂಗೆ ಎಂತ ಗೊತ್ತುಂಟು" ಅಂತ ಅವರು, ಇವರಿಬ್ಬರ ಮಧ್ಯೆ ಅಮ್ಮ ತಲೆ ತಗ್ಗಿಸಿ ಬೆಂಡೆಕಾಯಿ ಹೆಚ್ಚುತ್ತಾ ಕೂತಿರ್ತಿದ್ರು. ಅಪ್ಪನ ತಪ್ಪಿಗೆ ತನಗೆ ಹೀಗಾಯ್ತು ಅಂತ ಅವರೂ ನಂಬ್ಲಿಕ್ಕೆ ಶುರು ಮಾಡಿದ್ರೋ ಏನೋ, ನನಗೆ ಅದೇ ಹೆದರಿಕೆ.

ಬೈಲುಕುಪ್ಪೆಗೆ ಹೋದದ್ದು ಗೋಲ್ಡನ್ ಟೆಂಪಲ್ ತೋರಿಸುವ ಅಂತ. ಸಂಪಾಜೆ ಘಾಟಿ ಹತ್ತಿ ಮಡಿಕೇರಿ ದಾಟಿ ಕುಶಾಲನಗರ, ಅಲ್ಲಿಂದ ಹತ್ತೇ ನಿಮಿಷ. 1960ರ ಆಸುಪಾಸಿನಲ್ಲಿ ಟಿಬೆಟ್ ಬಿಟ್ಟು ಬಂದವರಿಗೆ ಆಗಿನ ಮೈಸೂರು ಸರ್ಕಾರ ಕೊಟ್ಟ ಜಾಗ ಅದು, ಈಗಿನವರು ಕನ್ನಡ ನಮ್ಮಷ್ಟೇ ಚೆಂದ ಮಾತಾಡ್ತಾರೆ. ಅಲ್ಲಿ ಟಿಬೆಟಿಯನ್ ವೈದ್ಯರನ್ನು ಆಮ್ಚಿ ಅಂತಾರೆ. ನಮ್ಮಲ್ಲಿ ಆಮ್ಚಿ ಅಂದ್ರೆ ಕೊಂಕಣಿಯವರಲ್ವಾ, ಅಮ್ಮನಿಗೆ ಆ ಶಬ್ದ ಕೇಳಿಯೇ ಅರ್ಧ ಧೈರ್ಯ ಬಂತು, ನೋಡುವ ಅಂದ್ರು.

ನಲವತ್ತರ ಆಸುಪಾಸಿನ ಹೆಂಗಸು. ಅಮ್ಮನ ಕೈ ತಗೊಂಡು ಮಣಿಕಟ್ಟಿನ ಹತ್ತಿರ ಮೂರು ಬೆರಳು ಸಾಲಾಗಿ ಇಟ್ಟು ಕಣ್ಣು ತಗ್ಗಿಸಿ ಕೂತ್ರು. ಒಂದು ಬೆರಳು ಮೆಲ್ಲ ಒತ್ತಿ, ಇನ್ನೊಂದು ಸ್ವಲ್ಪ ಜಾಸ್ತಿ ಒತ್ತಿ, ಮತ್ತೆ ಇನ್ನೊಂದು ಕೈ, ಒಂದು ಮಾತಿಲ್ಲ. ನಾಲಿಗೆ ನೋಡಿದ್ರು. ಆಮೇಲೆ ಪ್ರಶ್ನೆ, ರಾತ್ರಿ ಎಂತ ತಿಂತೀರಿ? ಅಮ್ಮ ಹೇಳಿದ್ರು, ಅಪ್ಪ ಹೋದ್ಮೇಲೆ ಒಂದೇ ಹೊತ್ತು ಊಟ, ರಾತ್ರಿಗೆ ತಣ್ಣಗಿನ ಮಜ್ಜಿಗೆಗೆ ಅವಲಕ್ಕಿ ಹಾಕಿ ಇಷ್ಟು, ಏಕಾದಶಿ ಸಂಕಷ್ಟಿ ಅದೂ ಇಲ್ಲ, ನಿದ್ದೆ ಬಾರದಾಗ ಹಾಲಿಲ್ಲದ ಕಣ್ಣ ಚಾ. ಬಾಗಿಲು ತೆಗೆದಿಟ್ಟು ಗಾಳಿಗೆ ಕೂತ್ಕೊಳ್ಳೋದು. ಆಮ್ಚಿ ಎಲ್ಲ ಕೇಳಿಸಿಕೊಂಡು, "ರಾತ್ರಿ ನಿಮ್ಮ ರೂಮಲ್ಲಿ ಬೇರೆ ಯಾರು ಮಲಗ್ತಾರೆ ಅಮ್ಮ?" ಅಂತ ಕೇಳಿದ್ರು. ಎಂಟು ತಿಂಗಳಲ್ಲಿ ಈ ಪ್ರಶ್ನೆ ನಾವ್ಯಾರೂ ಕೇಳಿರ್ಲಿಲ್ಲ, ಪಕ್ಕದ ರೂಮಲ್ಲೇ ಇದ್ದ ನಾನೂ ಕೇಳಿರ್ಲಿಲ್ಲ. ಅಮ್ಮ ಅಲ್ಲೇ ಸೆರಗು ಬಾಯಿಗೆ ಇಟ್ಕೊಂಡು ಅತ್ತುಬಿಟ್ರು.

ಇದಕ್ಕೆ ಅವರು ಹೇಳಿದ ಹೆಸರು ಲೂಂಗ್. ನಮ್ಮ ವಾತ, ಪಿತ್ತ, ಕಫ ಇದ್ದ ಹಾಗೆ ಅವರಲ್ಲಿ ಲೂಂಗ್, ತ್ರೀಪ, ಬೇಕೆನ್. ಆದ್ರೆ ಅವರ ಶಾಸ್ತ್ರ ಅಲ್ಲಿಗೇ ನಿಲ್ಲುದಿಲ್ಲ, ಒಂದೊಂದರ ಬೇರು ಮನಸ್ಸಲ್ಲಿ ಉಂಟು ಅಂತದೆ. ಆಸೆ, ಅಂಟಿಕೊಳ್ಳುವುದು ಲೂಂಗ್‌ಗೆ ಬೇರು, ದ್ವೇಷ ಸಿಟ್ಟು ತ್ರೀಪಕ್ಕೆ, ಮೋಹ ಅಥವಾ ಮಂಕು ಬೇಕೆನ್‌ಗೆ, ಈ ಮೂರಕ್ಕೂ ತಾಯಿಬೇರು ಅವಿದ್ಯೆ. ಇದು ದೂರದ ಕಾರಣ. ಹತ್ತಿರದ ಕಾರಣ ನಾಲ್ಕು, ಋತು, ಆಹಾರ, ನಡವಳಿಕೆ, ಮತ್ತೆ ಕಣ್ಣಿಗೆ ಕಾಣದ ಶಕ್ತಿಗಳು. ಒಣ ಹಗುರ ಊಟ, ಉಪವಾಸ, ನಿದ್ದೆಗೇಡು, ಅಳು, ತಂಪು ಗಾಳಿ ಇವೆಲ್ಲ ಲೂಂಗ್ ಕೆರಳಿಸ್ತದೆ ಅಂತ ಅವರ ಮೂಲಗ್ರಂಥ ಗ್ಯೂಶಿಯಲ್ಲೇ ಉಂಟಂತೆ, ಅಮ್ಮ ಅದರಲ್ಲಿ ಒಂದನ್ನೂ ಬಿಟ್ಟಿರ್ಲಿಲ್ಲ. ಪ್ರಾಯ ಆದ್ಮೇಲೆ ಲೂಂಗ್ ಸಹಜವಾಗಿಯೇ ಏರ್ತದೆ ಬೇರೆ.

"ಅಂಟಿಕೊಂಡದ್ದಕ್ಕೆ ಕಾಯಿಲೆ" ಅಂದಾಗ ನನಗೆ ಒಳಗೆ ಚುಚ್ಚಿತು, ನಲವತ್ತು ವರ್ಷ ಜೊತೆಗಿದ್ದವರನ್ನು ನೆನೆಸೋದೂ ತಪ್ಪಾ ಅಂತ. ಮನೆಗೆ ಬಂದು ಓದಿದ ಮೇಲೆ ಸಮಾಧಾನ ಆಯ್ತು. ಗ್ಯೂಶಿಯಲ್ಲಿ ಒಂದು ಹೋಲಿಕೆ ಬರ್ತದೆ, ಹಕ್ಕಿ ಆಕಾಶದಲ್ಲಿ ಎಷ್ಟು ಮೇಲೆ ಹಾರಿದ್ರೂ ನೆರಳು ಅದನ್ನು ಬಿಡುದಿಲ್ಲ, ಹಾಗೆ ಸುಖವಾಗಿರುವ ಜೀವಕ್ಕೂ ಅವಿದ್ಯೆ ಇರುವವರೆಗೆ ಕಾಯಿಲೆ ಬಿಟ್ಟಿದ್ದಲ್ಲ. ಅಂದ್ರೆ ಇದು ಹುಟ್ಟಿದ ಎಲ್ಲರಿಗೂ ಇದ್ದದ್ದೇ, ಅಮ್ಮನೋ ಅಪ್ಪನೋ ಮಾಡಿದ ಪಾಪ ಅಂತ ಬೆರಳು ತೋರಿಸುವ ಲೆಕ್ಕ ಅಲ್ಲಿಲ್ಲ. ಅಮ್ಮನಿಗೆ ಇದನ್ನು ಎರಡು ಸಲ ಓದಿ ಹೇಳಿದೆ.

ಇನ್ನು ನಾಗನ ವಿಷಯ, ಅದನ್ನು ಕೇಳಿದ್ದು ದೊಡ್ಡಮ್ಮನೇ, ಅವರೂ ಬಂದಿದ್ರು. ಟಿಬೆಟಿಯನ್ನರಲ್ಲೂ ನಾಗ ಉಂಟು ಮಾರಾಯ್ರೆ! ಲು ಅಂತಾರೆ. ನೀರಿನ ಒರತೆಯಲ್ಲಿ, ಮರದಲ್ಲಿ, ಮಣ್ಣಿನಡಿ ಇರುವುದು, ನೀರು ಹೊಲಸು ಮಾಡಿದ್ರೆ, ಮರ ಕಡಿದ್ರೆ, ನೆಲ ಅಗೆದ್ರೆ ಅದಕ್ಕೆ ಸಿಟ್ಟು, ಆಗ ಚರ್ಮದ ಕಾಯಿಲೆ, ಕುಷ್ಠ, ಬಾವು ಬರ್ತದೆ ಅಂತ ಅವರ ನಂಬಿಕೆ, ಶಾಂತಿಗೆ ಹಾಲು ಅರ್ಪಿಸ್ತಾರೆ. ನಮ್ಮಲ್ಲಿ ಚರ್ಮದ ತೊಂದರೆಗೆ ಕುಕ್ಕೆಗೆ ಹರಕೆ, ಬನದಲ್ಲಿ ನಾಗನಿಗೆ ತನು, ಅಂದ್ರೆ ಹಾಲು ಸೀಯಾಳ ಎರೆಯೋದು, ಎಂತ ವ್ಯತ್ಯಾಸ ಹೇಳಿ. ದೊಡ್ಡಮ್ಮನ ಮುಖ ಅರಳಿತು.

ಆದ್ರೆ ಆಮ್ಚಿ ಅಷ್ಟಕ್ಕೇ ಬಿಡ್ಲಿಲ್ಲ. ಅವರ ಲೆಕ್ಕದಲ್ಲಿ ಕಾಯಿಲೆ 404. ಅದರಲ್ಲಿ 101 ಊಟ, ನಡವಳಿಕೆ ಸರಿ ಮಾಡಿದ್ರೆ ತನ್ನಷ್ಟಕ್ಕೆ ಹೋಗುವಂಥದ್ದು, 101 ಈ ಜನ್ಮದ ಕಾರಣದ್ದು, ಅದಕ್ಕೆ ಮದ್ದು ಬೇಕು, 101 ಶಕ್ತಿಗಳ ಉಪದ್ರ, ಅದಕ್ಕೆ ಮೊದಲು ಪೂಜೆ ಆಮೇಲೆ ಮದ್ದು, ಉಳಿದ 101 ಹಿಂದಿನ ಕರ್ಮದ್ದು, ಅದಕ್ಕೆ ಧರ್ಮವೇ ಮದ್ದು. ಚಿಕಿತ್ಸೆಗೂ ಒಂದು ಕ್ರಮ ಉಂಟು, ಮೊದಲು ತಟ್ಟೆ, ಆಮೇಲೆ ದಿನಚರಿ, ಆಮೇಲೆ ಗುಳಿಗೆ, ಅದಕ್ಕೂ ಆಗದಿದ್ರೆ ಶಾಖ ಕೊಡುವಂಥ ಹೊರಗಿನ ಚಿಕಿತ್ಸೆ. "ಪೂಜೆ ಮಾಡಿಸಿ, ಬೇಡ ಹೇಳುದಿಲ್ಲ. ಆದ್ರೆ ಇವರದ್ದು ನಾಡಿಯಲ್ಲಿ ಲೂಂಗ್ ಕಾಣ್ತದೆ, ಇವತ್ತು ರಾತ್ರಿಯಿಂದ ಬಿಸಿ ಊಟ ಕೊಡಿ" ಅಂದ್ರು ದೊಡ್ಡಮ್ಮನಿಗೇ. ಮೂಳೆ ಸೂಪ್ ಒಳ್ಳೆದು ಅಂದ್ರು, ಅಮ್ಮ ಈಗ ಮೀನು ಮಾಂಸ ಬಿಟ್ಟಿದ್ದಾರೆ ಅಂದಾಗ ಹಾಗಾದ್ರೆ ತುಪ್ಪ, ಬಿಸಿ ಹಾಲು, ಬೆಲ್ಲ, ಬೆಳ್ಳುಳ್ಳಿ. ಬೆಚ್ಚಗಿನ ಜಾಗದಲ್ಲಿ ಬೇಕಾದವರ ಜೊತೆ ಇರಬೇಕು, ಇದು ಕೂಡ ಲೂಂಗ್‌ಗೆ ಬರೆದ ಚಿಕಿತ್ಸೆಯೇ. ಮತ್ತೆ ಬಿಪಿ ಮಾತ್ರೆ ಯಾವ ಕಾರಣಕ್ಕೂ ನಿಲ್ಲಿಸ್ಬೇಡಿ ಅಂತ ಮೂರು ಸಲ ಹೇಳಿದ್ರು, ಇದು ಓದುವ ಎಲ್ಲರಿಗೂ ನಾನು ಹೇಳುವುದೂ ಅದೇ.

ಇದು ಯಾರೋ ದಾರಿಬದಿಯ ಮದ್ದಲ್ಲ. ಲಾಸಾದಲ್ಲಿ 1916ರಲ್ಲಿ ಶುರುವಾದ ಟಿಬೆಟಿಯನ್ ವೈದ್ಯ ಸಂಸ್ಥೆ ಮೆನ್-ತ್ಸೀ-ಖಾಂಗ್ 1961ರಲ್ಲಿ ಧರ್ಮಶಾಲೆಯಲ್ಲಿ ಮತ್ತೆ ಎದ್ದು ನಿಂತಿತು, 2010ರಲ್ಲಿ ಭಾರತ ಸರ್ಕಾರ ಸೋವಾ ರಿಗ್ಪಾ ಅಂತ ಈ ಪದ್ಧತಿಗೆ ಕಾನೂನಿನ ಮಾನ್ಯತೆ ಕೊಟ್ಟಿದೆ. ಗೋಡೆಯಲ್ಲಿ ನೀಲಿ ಬಣ್ಣದ ವೈದ್ಯ ಬುದ್ಧನ ಚಿತ್ರ ಇತ್ತು, ಕೈಯಲ್ಲೊಂದು ಗಿಡದ ಟೊಂಗೆ. ಅದೆಂತದು ಅಂತ ಅಮ್ಮ ಕೇಳಿದ್ರೆ ಆಮ್ಚಿ ಅರುರಾ ಅಂತ ಹೇಳಿ ಡಬ್ಬಿಯಿಂದ ಒಂದು ಕಾಯಿ ತೆಗೆದು ಅಂಗೈಗೆ ಹಾಕಿದ್ರು, ಒಣಗಿ ಏಣು ಏಣಾಗಿದ್ದ ಅಳಲೆಕಾಯಿ! ನಾವು ಚಿಕ್ಕವರಿರುವಾಗ ಕೆಮ್ಮಿಗೆ ಅಮ್ಮ ಕಲ್ಲಲ್ಲಿ ತೇಯ್ದು ಕೊಡ್ತಿದ್ದದ್ದು. ಅಮ್ಮ ಅದನ್ನು ಮೂಸಿ ನೋಡಿ ಎಷ್ಟೋ ತಿಂಗಳ ನಂತ್ರ ನಕ್ಕರು.

ಗುಳಿಗೆ ಕಂದು ಬಣ್ಣದ್ದು, ಕಲ್ಲಿನ ಹಾಗೆ ಗಟ್ಟಿ, ಕಹಿ, ಜಜ್ಜಿ ಬಿಸಿನೀರಲ್ಲಿ ತಗೊಳ್ಬೇಕು. ಈಗ ಎರಡು ತಿಂಗಳಾಯ್ತು. ರಾತ್ರಿ ಗಂಜಿಗೆ ತುಪ್ಪ ಬೀಳ್ತಾ ಉಂಟು, ನಾನು ಅಮ್ಮನ ರೂಮಿಗೆ ಹಾಸಿಗೆ ತಂದುಹಾಕಿದ್ದೇನೆ, ಶನಿವಾರ ದೊಡ್ಡಮ್ಮ ಬರ್ತಾರೆ. ನಾಲ್ಕು ಗಂಟೆವರೆಗೆ ನಿದ್ದೆ ಬರ್ತದೆ, ಕಿವಿಯ ಶಬ್ದ ಪೂರ್ತಿ ಹೋಗ್ಲಿಲ್ಲ. ಇದರಲ್ಲಿ ಗುಳಿಗೆಯದ್ದೆಷ್ಟು, ತುಪ್ಪದ್ದೆಷ್ಟು, ಪಕ್ಕದಲ್ಲಿ ಮಲಗಿದ್ದರದ್ದೆಷ್ಟು ಅಂತ ಬೇರೆ ಮಾಡ್ಲಿಕ್ಕೆ ನಾನು ಹೋಗ್ಲಿಲ್ಲ. ನಾಗಬನದಲ್ಲಿ ನಾಗನಿಗೆ ತಂಬಿಲದ ಪೂಜೆ ಮಾಡಿಸಿದೆವು, ಅಣ್ಣನೇ ಮುಂದೆ ನಿಂತು ಮೂಲೆಯ ನಾಲ್ಕು ಇಂಟರ್‌ಲಾಕ್ ಕೀಳಿಸಿ ಅಲ್ಲೊಂದು ಸುರಗಿ ಗಿಡ ನೆಟ್ಟ.

ಬರುವ ತಿಂಗಳು ಮತ್ತೆ ಹೋಗ್ಬೇಕು. ಬೆಳಗ್ಗಿನ ಮೊದಲ ಮೂತ್ರ ಬಾಟಲಿಯಲ್ಲಿ ತರ್ಲಿಕ್ಕೆ ಹೇಳಿದ್ದಾರೆ, ಅದರ ಬಣ್ಣ, ಆವಿ, ನೊರೆ ನೋಡ್ತಾರಂತೆ, ಹಿಂದಿನ ರಾತ್ರಿ ಕಣ್ಣ ಚಾ ಕುಡಿಬಾರ್ದಂತೆ. ಅದಕ್ಕೆ ಕುಶಾಲನಗರದಲ್ಲೇ ಒಂದು ರಾತ್ರಿ ಉಳಿಯುವ ಅಂತ ರೂಮ್ ನೋಡ್ತಾ ಇದ್ದೇವೆ, ಮೂರು ಮಂಚ ಇರುವಂಥದ್ದೇ ಬೇಕು, ದೊಡ್ಡಮ್ಮನೂ ಹೊರಟಿದ್ದಾರೆ.