ಬೇಣಕ್ಕೆ ಹೊತ್ತೊಯ್ಯುವಂಥ ಟೆಲಿಸ್ಕೋಪ್

ಶಿರಸಿ ಸೀಮೆಯಲ್ಲಿ ಫೋಟೊಗ್ರಫಿಗೆ ಅಂತ ಟೆಲಿಸ್ಕೋಪ್ ಕೊಳ್ಳುವವರು ಮೊದಲು ನೋಡಬೇಕಾದದ್ದು ಲೆನ್ಸ್ ಅಲ್ಲ, ತಮ್ಮ ಮನೆ ಎಲ್ಲಿದೆ ಅನ್ನುವುದನ್ನು. ನಮ್ಮ ಕಡೆ ಅಡಿಕೆ ತೋಟಗಳಿರುವುದು ಗುಡ್ಡಗಳ ನಡುವಿನ ತಗ್ಗಿನಲ್ಲಿ. ತೋಟದ ತಲೆಗೆ ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ. ಅಂಗಳದಲ್ಲಿ ನಿಂತರೆ ನೆತ್ತಿಯ ಮೇಲಿನ ಆಕಾಶ ಮಾತ್ರ ಸಿಗುತ್ತದೆ. ಉತ್ತರಕ್ಕೆ ಅಡಿಕೆ ಮರದ ತಲೆಗಳು ಅಡ್ಡ, ದಕ್ಷಿಣಕ್ಕೆ ಬೆಟ್ಟ ಅಡ್ಡ. ಹಾಗಾಗಿ ಎಲ್ಲ ಸಾಮಾನು ಹೊತ್ತು ಮನೆ ಮೇಲಿನ ಬೇಣಕ್ಕೆ ಹತ್ತಬೇಕು. ಅಲ್ಲಿ ಹುಲ್ಲು ಬಿಟ್ಟರೆ ಏನೂ ಇಲ್ಲ, ನಾಲ್ಕೂ ದಿಕ್ಕು ತೆರೆದಿದೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಆಂಡ್ರೊಮಿಡಾ ಗ್ಯಾಲಕ್ಸಿ ಬರಿಗಣ್ಣಿಗೇ ಮಸುಕು ಮಚ್ಚೆಯಾಗಿ ಕಾಣುತ್ತದೆ. ಇಂಥ ಕತ್ತಲೆ ಬೆಂಗಳೂರಿನವರಿಗೆ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ನನ್ನ ಹತ್ತಿರ ಕ್ಯಾನನ್ 200ಡಿ ಕ್ಯಾಮೆರಾ ಮೊದಲೇ ಇತ್ತು. ಟೆಲಿಸ್ಕೋಪಿನ ಕೊಳವೆಗೆ 40 ಸಾವಿರ ರೂಪಾಯಿ ಮೀರಬಾರದು ಅಂತ ಮನೆಯಲ್ಲಿ ಮಾತಾಗಿತ್ತು. ಕೇಳಿದವರೆಲ್ಲ ಒಂದೇ ಮಾತು ಹೇಳಿದರು: ಅಷ್ಟು ದುಡ್ಡಿಗೆ ದೊಡ್ಡ ಕನ್ನಡಿಯ ಟೆಲಿಸ್ಕೋಪ್ ಬರುತ್ತದೆ, ಸಣ್ಣ ರಿಫ್ರಾಕ್ಟರ್ (ಲೆನ್ಸಿನ ಟೆಲಿಸ್ಕೋಪ್) ಯಾಕೆ? ಕಣ್ಣಿಟ್ಟು ನೋಡುವುದಕ್ಕಾದರೆ ಅವರು ಹೇಳುವುದು ಸರಿ. ಕಣ್ಣಿಗೆ ಬೆಳಕು ಜಾಸ್ತಿ ಬೇಕು, ಬೆಳಕು ಬೇಕಾದರೆ ಅಗಲ ಬೇಕು. ಫೋಟೊದ ಲೆಕ್ಕವೇ ಬೇರೆ. ಅಲ್ಲಿ ಬೆಳಕನ್ನು ನಿಮಿಷಗಟ್ಟಲೆ, ತಾಸುಗಟ್ಟಲೆ ಕೂಡಿ ಹಾಕಬಹುದು. ಹಾಗೆ ಕೂಡಿ ಹಾಕುವಷ್ಟು ಹೊತ್ತು ಕೊಳವೆ ಅಲುಗದೆ ನಕ್ಷತ್ರದ ಹಿಂದೆಯೇ ತಿರುಗಬೇಕು, ಅಷ್ಟೇ. ಆ ಕೆಲಸ ಮಾಡುವುದು ಲೆನ್ಸ್ ಅಲ್ಲ, ಕೆಳಗೆ ಕೊಳವೆಯನ್ನು ಹೊತ್ತು ತಿರುಗಿಸುವ ಮೌಂಟ್.

ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿ. ಭೂಮಿ ತಿರುಗುವುದರಿಂದ ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತದೆ (ಆರ್ಕ್‌ಸೆಕೆಂಡ್ ಅಂದರೆ ಒಂದು ಡಿಗ್ರಿಯ 3600ನೇ ಒಂದು ಭಾಗ). ನನ್ನ ಕ್ಯಾಮೆರಾದ ಒಂದೊಂದು ಪಿಕ್ಸೆಲ್ ಸುಮಾರು 3.7 ಮೈಕ್ರಾನ್. 420 ಮಿ.ಮೀ. ಫೋಕಲ್ ಉದ್ದದ (ಲೆನ್ಸಿನಿಂದ ಬಿಂಬ ಮೂಡುವ ಜಾಗದ ತನಕದ ದೂರ) ಕೊಳವೆಗೆ ಅದನ್ನು ಸಿಕ್ಕಿಸಿದರೆ ಒಂದು ಪಿಕ್ಸೆಲ್ಲಿಗೆ ಆಕಾಶದ 1.8 ಆರ್ಕ್‌ಸೆಕೆಂಡ್ ಬೀಳುತ್ತದೆ. ಅಂದರೆ ಮೌಂಟ್ ನಿಂತುಬಿಟ್ಟರೆ ನಕ್ಷತ್ರ ಸೆಕೆಂಡಿಗೆ ಎಂಟು ಪಿಕ್ಸೆಲ್ ಓಡುತ್ತದೆ. ಫೋಕಲ್ ಉದ್ದ 1000 ಮಿ.ಮೀ. ಆದರೆ ಅದೇ ನಕ್ಷತ್ರ ಇಪ್ಪತ್ತು ಪಿಕ್ಸೆಲ್ ಓಡುತ್ತದೆ. ಮೌಂಟಿನ ಸಣ್ಣ ತಪ್ಪೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತದೆ. ಸಣ್ಣ ಕೊಳವೆ ಆ ತಪ್ಪನ್ನು ತಡೆದುಕೊಳ್ಳುತ್ತದೆ. ಅಗ್ಗದಲ್ಲಿ ಶುರು ಮಾಡುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಇಷ್ಟೆಲ್ಲ ಓದಿ ತಿಳಿದಿದ್ದರೂ ಯಾವ ಗಾಜು ಅನ್ನುವುದು ಮಾತ್ರ ಬಗೆಹರಿದಿರಲಿಲ್ಲ. ಅದು ಬಗೆಹರಿದದ್ದು ಡಿಸೆಂಬರ್ ಅಮಾವಾಸ್ಯೆಯ ಹಿಂದಿನ ಶನಿವಾರ. ಕಾರವಾರದಲ್ಲಿ ಕೆಲಸ ಮಾಡುವ ಗೆಳೆಯ ಎರಡು ಕೊಳವೆ, ಒಂದು ಸ್ಟಾರ್ ಅಡ್ವೆಂಚರರ್ ಮೌಂಟ್ ಹಿಡಿದುಕೊಂಡು ಮನೆಗೆ ಬಂದ. ಅವನಿಗೆ ಅಲ್ಲಿ ಪಶ್ಚಿಮಕ್ಕೆ ಸಮುದ್ರ ತೆರೆದಿದೆ, ಆದರೆ ಬಂದರಿನ ದೀಪ, ರಾತ್ರಿ ಮೀನು ಹಿಡಿಯುವ ದೋಣಿಗಳ ದೀಪ, ಮೇಲಿಂದ ಉಪ್ಪು ಗಾಳಿ. "ನಿಮ್ಮಲ್ಲಿಯ ಕತ್ತಲೆ ಒಂದು ರಾತ್ರಿ ಸಾಲ ಕೊಡು ಮಾರಾಯ" ಅಂತ ವಾರದ ಹಿಂದೆಯೇ ಫೋನ್ ಮಾಡಿದ್ದ.

ಅಡಿಕೆ ಕೊನೆ (ಗೊನೆ) ಕೊಯ್ಲಿನ ಕಾಲ. ನಮ್ಮಲ್ಲಿ ಆಕಾಶ ತಿಳಿಯಾಗುವ ತಿಂಗಳುಗಳೂ ಅಡಿಕೆ ಕೆಲಸದ ತಿಂಗಳುಗಳೂ ಒಂದೇ. ರಾತ್ರಿ ಮನೆಮನೆಯಲ್ಲೂ ಅಡಿಕೆ ಸುಲಿಯುತ್ತಾರೆ, ಅಂಗಳದಲ್ಲಿ ದೊಡ್ಡ ಬಲ್ಬು ಉರಿಯುತ್ತದೆ, ಬೇಯಿಸುವ ಒಲೆಯ ಹೊಗೆ ತಗ್ಗಿನಲ್ಲೇ ನಿಲ್ಲುತ್ತದೆ. ಪಕ್ಕದ ಮನೆಯ ದೊಡ್ಡಪ್ಪನ ಹತ್ತಿರ ಹೋಗಿ, "ದೊಡ್ಡಪ್ಪ, ಹೊರಗಿನ ಲೈಟು ಆರ್ಸ್ಲಕ್ಕಾ?" ಅಂತ ಕೇಳಿದೆ. ಯಾಕೆ ಏನು ಅಂತ ಕೇಳದೆ ಸುಲಿಯುವವರನ್ನೆಲ್ಲ ಜಗುಲಿಗೆ ಕರೆದುಕೊಂಡರು. ಅವರ ಈ ಉಪಕಾರ ದೊಡ್ಡದು, ಯಾಕೆಂದರೆ ಆ ಒಂದು ಬಲ್ಬಿನ ಬೆಳಕು ಬೇಣದ ತನಕ ಬರುತ್ತದೆ.

ಕತ್ತಲಾಗುತ್ತಿದ್ದಂತೆ ಹತ್ತಿದೆವು. ಮೊದಲ ಕೆಲಸ ಮೌಂಟನ್ನು ಧ್ರುವಕ್ಕೆ ಹೊಂದಿಸುವುದು, ಅಂದರೆ ಅದು ತಿರುಗುವ ಅಕ್ಷ ಭೂಮಿಯ ಅಕ್ಷಕ್ಕೆ ಸಮವಾಗಿ ಆಕಾಶದ ಧ್ರುವದ ಕಡೆ ನೋಡುವಂತೆ ಇಡುವುದು. ಶಿರಸಿ ಇರುವುದು 14.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹಾಗಾಗಿ ಧ್ರುವ ನಕ್ಷತ್ರವೂ ದಿಗಂತದಿಂದ ಸುಮಾರು ಅಷ್ಟೇ ಎತ್ತರದಲ್ಲಿ ಇರುತ್ತದೆ. ಯುರೋಪಿನವರು ಬರೆದದ್ದನ್ನು ಓದಿದರೆ ಧ್ರುವ ನಕ್ಷತ್ರ ಹುಡುಕುವುದು ಎರಡು ನಿಮಿಷದ ಕೆಲಸ ಅನ್ನಿಸುತ್ತದೆ, ಅವರಿಗದು ಆಕಾಶದ ಅರ್ಧದಲ್ಲಿ ನಿಂತಿರುತ್ತದೆ. ನಮಗೆ ಅದು ಕಾಡಿನ ಮೇಲಂಚಿಗಿಂತ ಸ್ವಲ್ಪ ಮೇಲೆ, ಮಂಜು ಹೊಗೆಗಳ ನಡುವೆ. ಮೌಂಟಿನಲ್ಲಿರುವ ಪುಟ್ಟ ದುರ್ಬೀನಾದ ಧ್ರುವದರ್ಶಕದೊಳಗೆ ನೋಡಲು ನೆಲಕ್ಕೆ ಮೊಣಕಾಲೂರಿ ಕತ್ತು ತಿರುಗಿಸಬೇಕು. ಧ್ರುವ ಕಾಣದ ಜಾಗದವರಿಗೆ ಈಗ ಬೇರೆ ದಾರಿಯೂ ಇದೆ. ಲ್ಯಾಪ್‌ಟಾಪಿನಲ್ಲಿ ನೀನಾ ಅನ್ನುವ ಉಚಿತ ತಂತ್ರಾಂಶಕ್ಕೆ ಒಂದು ಪ್ಲಗಿನ್ ಹಾಕಿಕೊಂಡರೆ ಆಕಾಶದ ಯಾವುದೇ ಭಾಗದಲ್ಲಿ ಮೂರು ಕಡೆ ಫೋಟೊ ತೆಗೆದು, ಮೌಂಟ್ ಎಷ್ಟು ವಾಲಿದೆ ಅಂತ ಅದೇ ಲೆಕ್ಕ ಹಾಕಿ ಹೇಳುತ್ತದೆ. ಮನೆ ಅಂಗಳದಿಂದಲೇ ತೆಗೆಯುವವರಿಗೆ ಇದು ನಿಜಕ್ಕೂ ವರ.

ಗೆಳೆಯನ ಮೊದಲ ಕೊಳವೆ 80 ಮಿ.ಮೀ. ಅಗಲ, 400 ಮಿ.ಮೀ. ಫೋಕಲ್ ಉದ್ದದ ಆಕ್ರೊಮ್ಯಾಟ್. ಎರಡನೆಯದು 70 ಮಿ.ಮೀ. ಅಗಲ, 420 ಮಿ.ಮೀ. ಫೋಕಲ್ ಉದ್ದದ ಇ.ಡಿ. ಗಾಜಿನದು. ಬೆಲೆಯಲ್ಲಿ ಎರಡಕ್ಕೂ ದೊಡ್ಡ ಅಂತರ. ಸಣ್ಣದಕ್ಕೇ ದುಡ್ಡು ಜಾಸ್ತಿ! ಯಾಕೆ ಅಂತ ಕಣ್ಣಾರೆ ನೋಡಬೇಕಿತ್ತು. ಎರಡರಲ್ಲೂ ನನ್ನ ಕ್ಯಾಮೆರಾವನ್ನೇ ಹಾಕಿ, ಒಂದೇ ಐಎಸ್ಒ, ಒಂದೊಂದು ಫೋಟೊಗೆ 30 ಸೆಕೆಂಡ್ ಇಟ್ಟು ಕೃತ್ತಿಕೆಯನ್ನು ಹಿಡಿದೆವು. ಡಿಸೆಂಬರಿನಲ್ಲಿ ರಾತ್ರಿ ಹತ್ತರ ಸುಮಾರಿಗೆ ಅದು ನೆತ್ತಿಯ ಹತ್ತಿರ ಇರುತ್ತದೆ, ದೊಡ್ಡಪ್ಪನ ಬಲ್ಬು ಉರಿದರೂ ಅಲ್ಲಿಗೆ ತಟ್ಟುವುದು ಕಡಿಮೆ.

ಗಾಜು ನೀಲಿ ಬೆಳಕನ್ನು ಕೆಂಪಿಗಿಂತ ಜಾಸ್ತಿ ಬಾಗಿಸುತ್ತದೆ. ಒಂದೇ ಲೆನ್ಸ್ ಇದ್ದರೆ ಒಂದೊಂದು ಬಣ್ಣ ಒಂದೊಂದು ಜಾಗದಲ್ಲಿ ಕೂಡುತ್ತದೆ. ಎರಡು ಬೇರೆ ಬೇರೆ ಗಾಜನ್ನು ಜೋಡಿಸಿ ಎರಡು ಬಣ್ಣಗಳನ್ನು ಒಂದು ಕಡೆ ತರುವುದೇ ಆಕ್ರೊಮ್ಯಾಟ್. ಲಂಡನ್ನಿನ ಜಾನ್ ಡೊಲ್ಲಂಡ್ ಇದಕ್ಕೆ ಪೇಟೆಂಟ್ ತೆಗೆದುಕೊಂಡದ್ದು 1758ರಲ್ಲಿ, ಅಷ್ಟು ಹಳೆಯ ವಿದ್ಯೆ. ಆದರೆ ನೇರಳೆ ಬೆಳಕು ಇನ್ನೂ ಹೊರಗೇ ಉಳಿಯುತ್ತದೆ. ನಮ್ಮ ಕಣ್ಣಿಗೆ ನೇರಳೆ ಅಷ್ಟಾಗಿ ಕಾಣುವುದಿಲ್ಲ, ಅದಕ್ಕೇ ಕಣ್ಣಿಟ್ಟು ನೋಡುವವರಿಗೆ ಆಕ್ರೊಮ್ಯಾಟ್ ಚೆನ್ನಾಗಿಯೇ ಕಾಣುತ್ತದೆ. ಕ್ಯಾಮೆರಾ ಮಾತ್ರ ಎಲ್ಲವನ್ನೂ ಹಿಡಿಯುತ್ತದೆ. ಇ.ಡಿ. ಅಂದರೆ ಬಣ್ಣಗಳನ್ನು ಕಡಿಮೆ ಚದುರಿಸುವ ಗಾಜು, ಜಪಾನಿನ ಒಹಾರಾ ಕಂಪನಿಯ ಎಫ್‌ಪಿಎಲ್-51, ಎಫ್‌ಪಿಎಲ್-53 ಅಂತೆಲ್ಲ ಹೆಸರು ಕೇಳುತ್ತೇವಲ್ಲ, ಅವೇ.

ಫೋಟೊಗಳನ್ನು ಲ್ಯಾಪ್‌ಟಾಪಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿದೆವು. ಆಕ್ರೊಮ್ಯಾಟಿನಲ್ಲಿ ಕೃತ್ತಿಕೆಯ ಪ್ರತಿ ದೊಡ್ಡ ನಕ್ಷತ್ರದ ಸುತ್ತ ದಪ್ಪ ನೇರಳೆ ಉಂಗುರ. ಇ.ಡಿ. ಕೊಳವೆಯಲ್ಲಿ ನಕ್ಷತ್ರ ಸಣ್ಣಗೆ, ಬೆಳ್ಳಗೆ, ಅಂಚು ಸ್ವಚ್ಛ. ಇಷ್ಟು ಮಾತ್ರ ಆಗಿದ್ದರೆ ಕಂಪ್ಯೂಟರಿನಲ್ಲಿ ನೇರಳೆ ಬಣ್ಣ ಅಳಿಸಿದರೆ ಆಯಿತು ಅಂದುಕೊಳ್ಳಬಹುದಿತ್ತು. ಆದರೆ ಕೃತ್ತಿಕೆಯ ಸುತ್ತ ನಿಜವಾಗಿಯೂ ಒಂದು ನೀಲಿ ಬೆಳಕಿದೆ. ಅಲ್ಲಿಯ ಧೂಳು ಆ ನಕ್ಷತ್ರಗಳ ಬೆಳಕನ್ನು ಚದುರಿಸಿ ನೀಲಿಯಾಗಿ ಹೊಳೆಯುತ್ತದೆ, ಜನ ಕೃತ್ತಿಕೆಯ ಫೋಟೊ ತೆಗೆಯುವುದೇ ಅದಕ್ಕಾಗಿ. ಫೋಟೊಗಳನ್ನೆಲ್ಲ ಸೇರಿಸಿ ಮಸುಕು ಭಾಗ ಬೆಳಗುವಂತೆ ಮಾಡಿದಾಗ ಇ.ಡಿ. ಕೊಳವೆಯದರಲ್ಲಿ ಮೆರೋಪ್ ನಕ್ಷತ್ರದ ಪಕ್ಕ ಆ ನೀಲಿ ಎಳೆಎಳೆಯಾಗಿ ಬಂತು. ಆಕ್ರೊಮ್ಯಾಟಿನಲ್ಲಿ ಗಾಜು ಹುಟ್ಟಿಸಿದ ನೇರಳೆ ಯಾವುದು, ಆಕಾಶದ ನೀಲಿ ಯಾವುದು ಅಂತ ಬಿಡಿಸುವುದೇ ಆಗಲಿಲ್ಲ. ಒಂದನ್ನು ಅಳಿಸಿದರೆ ಇನ್ನೊಂದೂ ಹೋಗುತ್ತದೆ. ನನ್ನ ಮಟ್ಟಿಗೆ ಪ್ರಶ್ನೆ ಅಲ್ಲಿಗೇ ಮುಗಿಯಿತು. 10 ಮಿ.ಮೀ. ಅಗಲ ಕಡಿಮೆಯಾದರೆ ಇನ್ನಷ್ಟು ಹೊತ್ತು ಫೋಟೊ ತೆಗೆದು ತುಂಬಿಕೊಳ್ಳಬಹುದು, ತಪ್ಪು ಬಣ್ಣವನ್ನು ಯಾವುದರಿಂದಲೂ ತುಂಬಿಕೊಳ್ಳಲಾಗದು.

ಇ.ಡಿ. ಕೊಳವೆಗೂ ಒಂದು ಕೊರತೆ ಇತ್ತು. ಫೋಟೊದ ನಾಲ್ಕು ಮೂಲೆಯ ನಕ್ಷತ್ರಗಳು ಹೊರಕ್ಕೆ ಎಳೆದ ಹಾಗೆ ಉದ್ದವಾಗಿದ್ದವು. ಇದು ಎರಡು ಲೆನ್ಸಿನ ಎಲ್ಲ ಸಣ್ಣ ರಿಫ್ರಾಕ್ಟರಿನಲ್ಲೂ ಇರುವುದೇ, ಅದು ಮೂಡಿಸುವ ಬಿಂಬ ಬಾಗಿರುತ್ತದೆ, ಸೆನ್ಸರ್ ಚಪ್ಪಟೆ. ಗೆಳೆಯ ಚೀಲದಿಂದ, ಬಿಂಬವನ್ನು ಚಪ್ಪಟೆ ಮಾಡುವ ಫ್ಲಾಟ್ನರ್ ಲೆನ್ಸ್ ತೆಗೆದು ಕ್ಯಾಮೆರಾಕ್ಕೆ ತಿರುಗಿಸಿದ, ಮೂಲೆ ಸರಿಯಾಯಿತು. ಇದರಲ್ಲಿ ನೋಡಿಕೊಳ್ಳಬೇಕಾದ್ದು ಅಂದರೆ ಫ್ಲಾಟ್ನರಿನಿಂದ ಸೆನ್ಸರ್ ತನಕ ಸಾಮಾನ್ಯವಾಗಿ 55 ಮಿ.ಮೀ. ಅಂತರ ಇರಬೇಕು. ಕ್ಯಾನನ್ ಇಎಫ್ ಕ್ಯಾಮೆರಾದೊಳಗೆ 44 ಮಿ.ಮೀ. ಇರುತ್ತದೆ, ಕ್ಯಾಮೆರಾವನ್ನು ಜೋಡಿಸುವ ಟಿ-ರಿಂಗ್ ಉಳಿದ 11 ಮಿ.ಮೀ. ತುಂಬುತ್ತದೆ, ನಮಗೆ ಬೇರೆ ತಲೆಬಿಸಿ ಇಲ್ಲ. ಆದರೆ ಕೊಳವೆಯ ಬೆಲೆ ಮಾತ್ರ ನೋಡಿ ಬಜೆಟ್ ಹಾಕಬೇಡಿ, ಫ್ಲಾಟ್ನರ್ ಸೇರಿಸಿಯೇ ಹಾಕಿ. ಕೆಲವು ಸಣ್ಣ ಕೊಳವೆಗಳಲ್ಲಿ, ಉದಾಹರಣೆಗೆ 51 ಮಿ.ಮೀ.ಯ ರೆಡ್‌ಕ್ಯಾಟ್‌ನಲ್ಲಿ, ಒಳಗೇ ಇನ್ನಷ್ಟು ಲೆನ್ಸ್ ಇಟ್ಟು ಇದನ್ನು ಸರಿ ಮಾಡಿರುತ್ತಾರೆ. ತುಂಬ ಒಳ್ಳೆಯದು ಅದು, 250 ಮಿ.ಮೀ. ಫೋಕಲ್ ಉದ್ದ, ನನ್ನ ಮಿತಿಗೆ ಮಾತ್ರ ಸಿಗಲಿಲ್ಲ.

ಹನ್ನೊಂದರ ಹೊತ್ತಿಗೆ ನಕ್ಷತ್ರಗಳು ಇದ್ದಕ್ಕಿದ್ದ ಹಾಗೆ ಮಂಕಾದವು. ಮೋಡವಲ್ಲ, ಲೆನ್ಸಿನ ಮೇಲೆ ಇಬ್ಬನಿ. ಬೇಣದ ಹುಲ್ಲೆಲ್ಲ ಒದ್ದೆ, ನಮ್ಮ ತಲೆ ಒದ್ದೆ. ಪವರ್ ಬ್ಯಾಂಕಿನಿಂದ ನಡೆಯುವ ಒಂದು ಬಿಸಿ ಪಟ್ಟಿ ಸಿಗುತ್ತದೆ, ಅದನ್ನು ಲೆನ್ಸಿನ ಸುತ್ತ ಕಟ್ಟಿದ ಮೇಲೆ ಹತ್ತು ನಿಮಿಷದಲ್ಲಿ ತಿಳಿಯಾಯಿತು. ಬಯಲುಸೀಮೆಯವರು ಇದನ್ನು ಆಮೇಲೆ ಕೊಳ್ಳಬಹುದೇನೋ, ಮಲೆನಾಡಿನಲ್ಲಿ ಕೊಳವೆಯ ಜೊತೆಗೇ ಕೊಳ್ಳಬೇಕು.

ಫೋಕಸ್ ಬಗ್ಗೆಯೂ ಹೇಳಬೇಕು. ಎಫ್ 6ರಲ್ಲಿ, ಅಂದರೆ ಫೋಕಲ್ ಉದ್ದ ಅಗಲದ ಆರು ಪಟ್ಟು ಇರುವ ಇಂಥ ಕೊಳವೆಯಲ್ಲಿ, ಕ್ಯಾಮೆರಾ ಒಂದು ಮಿ.ಮೀ.ಯ ಹತ್ತನೇ ಒಂದು ಭಾಗ ಸರಿದರೂ ನಕ್ಷತ್ರ ಊದಿಕೊಳ್ಳುತ್ತದೆ. ಹಾಗಾಗಿ ಕೊಳವೆ ಆರಿಸುವಾಗ ಫೋಕಸರಿಗೆ ನಿಧಾನಕ್ಕೆ ತಿರುಗುವ ಎರಡನೇ ಗುಂಡಿ ಇದೆಯಾ, ಕ್ಯಾಮೆರಾದ ಭಾರಕ್ಕೆ ಅದು ಜಾರುತ್ತದಾ ಅಂತ ನೋಡಲೇಬೇಕು. ಸರಿಯಾದ ಫೋಕಸ್ ಹಿಡಿಯಲು ಬಾಹ್ತಿನೋವ್ ಮಾಸ್ಕ್ ಅಂತ ಗೀರು ಕೊರೆದ ಮುಚ್ಚಳ ಇದೆ, ರಷ್ಯಾದ ಹವ್ಯಾಸಿ ಪಾವೆಲ್ ಬಾಹ್ತಿನೋವ್ 2005ರಲ್ಲಿ ಮಾಡಿದ್ದು. ಅದನ್ನು ಮುಂದೆ ಇಟ್ಟರೆ ನಕ್ಷತ್ರಕ್ಕೆ ಮೂರು ಗೆರೆ ಮೂಡುತ್ತವೆ, ನಡುವಿನ ಗೆರೆ ಸರಿಯಾಗಿ ಮಧ್ಯಕ್ಕೆ ಬಂದರೆ ಫೋಕಸ್ ಆದ ಹಾಗೆ. ಇಷ್ಟು ಸರಳ ವಸ್ತು ಇಷ್ಟು ಕೆಲಸಕ್ಕೆ ಬರುವುದು ನೋಡಿ ನನಗೆ ಈಗಲೂ ಖುಷಿ.

ಬೆಳಿಗ್ಗೆ ಆಯಿ ತೆಳ್ಳೇವು ಎರೆಯುತ್ತಿದ್ದಳು, ಜೋನಿ ಬೆಲ್ಲ ಹಚ್ಚಿಕೊಂಡು ತಿನ್ನುತ್ತ ಲೆಕ್ಕ ಹಾಕಿದೆವು. ಅಷ್ಟರಲ್ಲಿ ದೊಡ್ಡಪ್ಪ ಬಂದರು. 70 ಮಿ.ಮೀ.ಯ ಕೊಳವೆ ಎತ್ತಿ ನೋಡಿ, "ಇಷ್ಟ್ ಸಣ್ಣದ್ರಲ್ಲಿ ಎಂತ ಕಾಣ್ತು ತಮಾ?" ಅಂದರು. ಕೃತ್ತಿಕೆಯ ಫೋಟೊ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, ನಿನ್ನೆ ಅಂಗಳದಿಂದ ಕಂಡದ್ದು ಇದೇನಾ ಅಂತ ಕೇಳಿದರು. ಹೌದು ಅಂದೆ.

ತೂಕದ ಲೆಕ್ಕ ಹೀಗಿತ್ತು. ಕೊಳವೆ ಎರಡು ಕಿಲೋ ಆಸುಪಾಸು, ಕ್ಯಾಮೆರಾ ಅರ್ಧ ಕಿಲೋ, ಫ್ಲಾಟ್ನರ್, ಉಂಗುರ, ಬಿಸಿ ಪಟ್ಟಿ ಎಲ್ಲ ಸೇರಿ ಮೂರು ಕಿಲೋ. ಸ್ಟಾರ್ ಅಡ್ವೆಂಚರರ್ ಹೊರುವುದು ಐದು ಕಿಲೋ ಅಂತ ಇದೆ, ಆದರೆ ಫೋಟೊಗೆ ಆ ಮಿತಿಯ ಮೂರರಲ್ಲಿ ಎರಡು ಭಾಗ ದಾಟದಿದ್ದರೆ ಒಳ್ಳೆಯದು. 80 ಮಿ.ಮೀ. ಎಫ್ 7 ಇ.ಡಿ. ಕೊಳವೆಯ ಆಸೆ ನನಗಿತ್ತು. ಅದರ ಫೋಕಲ್ ಉದ್ದ 560 ಮಿ.ಮೀ., ತೂಕವೂ ಜಾಸ್ತಿ, ಅದಕ್ಕೆ ದೊಡ್ಡ ಮೌಂಟ್ ಬೇಕು, ದೊಡ್ಡ ಮೌಂಟಿಗೆ ದೊಡ್ಡ ಬ್ಯಾಟರಿ ಬೇಕು, ಇವನ್ನೆಲ್ಲ ಹೊತ್ತು ಬೇಣ ಹತ್ತಲು ಇನ್ನೊಬ್ಬರು ಬೇಕು. ಒಬ್ಬನೇ ಒಂದೇ ಸಲಕ್ಕೆ ಹೊರುವಷ್ಟು ಇರಬೇಕು ಅನ್ನುವುದು ನನಗೆ ಎಲ್ಲಕ್ಕಿಂತ ಮುಖ್ಯ. ಹಾಗಿದ್ದರೆ ಮಾತ್ರ ದಿನದ ಕೆಲಸ ಮುಗಿಸಿದ ಮೇಲೂ ಹೋಗುವ ಮನಸ್ಸಾಗುತ್ತದೆ.

420 ಮಿ.ಮೀ.ಗೆ ನನ್ನ ಕ್ಯಾಮೆರಾದಲ್ಲಿ ಆಕಾಶದ 3 ಡಿಗ್ರಿ ಅಗಲ, 2 ಡಿಗ್ರಿ ಎತ್ತರ ಸಿಗುತ್ತದೆ. ಆಂಡ್ರೊಮಿಡಾ ಮೂಲೆಯಿಂದ ಮೂಲೆಗೆ ಹಿಡಿಯುತ್ತದೆ, ಒರಾಯನ್ ನೀಹಾರಿಕೆ ಆರಾಮವಾಗಿ ಕೂರುತ್ತದೆ. ದಕ್ಷಿಣಕ್ಕೆ ಇನ್ನೂ ದೊಡ್ಡ ಲಾಭ ಇದೆ. ಧ್ರುವ ತಗ್ಗಿನಲ್ಲಿದೆ ಅಂತ ನಾವು ಬೇಸರ ಮಾಡಿಕೊಳ್ಳುತ್ತೇವಲ್ಲ, ಅದೇ ಕಾರಣಕ್ಕೆ ಲಂಡನ್ನಿನಿಂದ ಯಾವತ್ತೂ ಕಾಣದ ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ ನಮ್ಮ ಬೇಣದಿಂದ 28 ಡಿಗ್ರಿ ಎತ್ತರಕ್ಕೆ ಏರುತ್ತದೆ. ಕರೀನಾ ನೀಹಾರಿಕೆಯೂ 15 ಡಿಗ್ರಿ ಮೇಲೆ ಬರುತ್ತದೆ.

ಆ ವಾರವೇ 70 ಮಿ.ಮೀ.ಯ ಇ.ಡಿ. ಕೊಳವೆ, ಅದರದೇ ಫ್ಲಾಟ್ನರ್, ಬಿಸಿ ಪಟ್ಟಿ ತರಿಸಿದೆ. ಮೌಂಟಿಗೆ ಬೇರೆಯಾಗಿ ಕೂಡಿಟ್ಟ ದುಡ್ಡಿತ್ತು. ನಕ್ಷತ್ರ ನೋಡಿಕೊಂಡು ಮೌಂಟಿನ ತಪ್ಪು ತಿದ್ದುವ ಗೈಡ್ ಕ್ಯಾಮೆರಾ ಸದ್ಯಕ್ಕೆ ಬೇಡ, ಒಂದೊಂದು ನಿಮಿಷದ ಫೋಟೊಗಳನ್ನು ಜಾಸ್ತಿ ತೆಗೆದು ಸಿರಿಲ್‌ನಲ್ಲಿ ಸೇರಿಸಿದರೆ ಸಾಕು, ಆ ತಂತ್ರಾಂಶಕ್ಕೆ ದುಡ್ಡೂ ಕೊಡಬೇಕಿಲ್ಲ.

ಜೂನ್ ಬಂದರೆ ಇಲ್ಲಿ ಆಕಾಶ ಮುಚ್ಚುತ್ತದೆ, ಆಮೇಲೆ ಲೆನ್ಸಿಗೆ ಬೂಷ್ಟಿನ ಕಾಟ. ರಿಫ್ರಾಕ್ಟರ್ ಮುಚ್ಚಿದ ಕೊಳವೆ, ತೆರೆದ ಕನ್ನಡಿಯಷ್ಟು ಭಯ ಇಲ್ಲ, ಆದರೂ ಬಟ್ಟೆ ಚೀಲದಲ್ಲಿ ಸುತ್ತಿ ಕಪಾಟಿನಲ್ಲಿ ಇಡುವ ಹಾಗಿಲ್ಲ. ಗಾಳಿಯಾಡದ ದೊಡ್ಡ ಡಬ್ಬ ತಂದು ತಳಕ್ಕೆ ಸಿಲಿಕಾ ಜೆಲ್ ಹಾಕಿ ಇಟ್ಟಿದ್ದೇನೆ. ನೀಲಿ ಹರಳು ಗುಲಾಬಿಯಾದರೆ ನೀರು ಹೀರಿ ತುಂಬಿದೆ ಅಂತ ಅರ್ಥ, ಬಿಸಿ ಮಾಡಿದರೆ ಮತ್ತೆ ನೀಲಿ. ಕಾರವಾರದ ಗೆಳೆಯನೂ ತನ್ನ ಎರಡೂ ಕೊಳವೆಗೆ ಇದನ್ನೇ ಮಾಡಿದ್ದಾನೆ, ಅವನು ಸ್ಕ್ರೂಗಳಿಗೆ ಉಪ್ಪು ಗಾಳಿಯ ತುಕ್ಕು ಹಿಡಿಯದ ಹಾಗೆ ತೆಳ್ಳಗೆ ಎಣ್ಣೆಯನ್ನೂ ಸವರುತ್ತಾನೆ.