ಅಣ್ಣನ ಮಕ್ಕಳೂ ತ್ರೀ ನಾಟ್ ತ್ರೀಯೂ

ಅಣ್ಣನ ಮಗನಿಗೆ ಹಳೇ ರೈಫಲ್‌ಗಳ ಹೆಸರೆಲ್ಲ ಬಾಯಿಪಾಠ. ಎಲ್ಲಾ ಮೊಬೈಲ್ ಗೇಮಿನ ಕೃಪೆ. ಕಾರ್ 98ಕೆ ಅನ್ನುವ ಜರ್ಮನ್ ರೈಫಲ್ ಹೆಲ್ಮೆಟ್ ಹಾಕಿದವನನ್ನು ಒಂದೇ ಏಟಿಗೆ ಬೀಳಿಸುತ್ತದಾ ಇಲ್ಲವಾ ಅಂತ ಅರ್ಧ ಗಂಟೆ ಭಾಷಣ ಮಾಡಬಲ್ಲ. ಆದರೆ ನಿಜವಾದ ರೈಫಲ್ ಕೈಗೆ ಬಂದಾಗ ಅವನ ಬಾಯಿಂದ ಬಂದ ಮೊದಲ ಮಾತು, "ಚಿಕ್ಕಪ್ಪ, ಇದು ಇಷ್ಟು ಭಾರಾನಾ?"

ನಾಲ್ಕು ಕೆಜಿಗಿಂತ ಜಾಸ್ತಿ ಇದೆ, ಇನ್ನೇನು. ಎರಡನೇ ಮಹಾಯುದ್ಧದ ಕಾಲದ ಲೀ-ಎನ್‌ಫೀಲ್ಡ್ ನಂಬರ್ 4 ಅದು. ತ್ರೀ ನಾಟ್ ತ್ರೀ ಅಂದರೆ ಬೇಗ ಗೊತ್ತಾಗುತ್ತದೆ.

ಹುಡುಗನಿಗೆ 13 ವರ್ಷ, ಅವನ ಅಕ್ಕನಿಗೆ 16. ಇಬ್ಬರನ್ನೂ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗುತ್ತೇನೆ ಅಂದಾಗ ಅತ್ತಿಗೆ ಕೇಳಿದ್ದು ಒಂದೇ: "ಕಿವಿಗೆ ಏನೂ ಆಗಲ್ಲ ತಾನೆ?" ಸರಿಯಾದ ಪ್ರಶ್ನೆ. ಇಂಥ ರೈಫಲಿನ ಸದ್ದು 160 ಡೆಸಿಬೆಲ್ ಆಸುಪಾಸು. ಕಿವಿ ಮುಚ್ಚದಿದ್ದರೆ ಒಂದೇ ಗುಂಡಿಗೆ ಪೆಟ್ಟು ಬೀಳಬಹುದು. ಹಾಗಾಗಿ ಕಿವಿಯೊಳಗೆ ಪ್ಲಗ್, ಅದರ ಮೇಲೆ ಇಯರ್ ಮಫ್, ಎರಡೂ ಕಡ್ಡಾಯ. ಕಣ್ಣಿಗೆ ಕನ್ನಡಕ.

ಮೊದಲ ಒಂದು ಗಂಟೆ ಗುಂಡು ಹಾರಿಸಲೇ ಇಲ್ಲ. ತೋಟಾವನ್ನು ನಳಿಕೆಯೊಳಗೆ ತಳ್ಳುವ ಬೋಲ್ಟ್ ತೆಗೆದು ಮೇಜಿನ ಮೇಲಿಟ್ಟೆ. ನಳಿಕೆಯಲ್ಲಿ ಇಣುಕಿ ನೋಡಿ, ಆಚೆ ಬೆಳಕು ಕಾಣಿಸಿದರೆ ಖಾಲಿ ಅಂತ ತೋರಿಸಿದೆ. ಖಾಲಿ ಅಂತ ಗೊತ್ತಿದ್ದರೂ ತುಂಬಿದೆ ಅಂತಲೇ ಹಿಡಿಯಬೇಕು, ನಳಿಕೆ ಯಾವಾಗಲೂ ಗುರಿಯ ಕಡೆಗೇ, ಹಾರಿಸುವ ಹೊತ್ತಿನ ತನಕ ಬೆರಳು ಟ್ರಿಗರ್ ಮೇಲೆ ಬೇಡ. ಹುಡುಗ ಆಕಳಿಸಿದ. ಆಕಳಿಸಲಿ, ಇದನ್ನು ಹತ್ತು ಸಲ ಹೇಳಿಸಿಕೊಂಡೇ ಮುಂದೆ ಹೋಗಬೇಕು.

ಈ ರೈಫಲಿನ ಒಂದು ವಿಷಯ ನನಗೆ ತುಂಬಾ ಇಷ್ಟ. ಸಿಪಾಯಿಗಳೆಲ್ಲ ಒಂದೇ ಎತ್ತರ ಇರುವುದಿಲ್ಲ ಅಂತ ಹೆಗಲಿಗೆ ಒರಗಿಸುವ ಮರದ ಬಟ್ಟನ್ನೇ ಬೇರೆ ಬೇರೆ ಅಳತೆಯಲ್ಲಿ ಮಾಡುತ್ತಿದ್ದರು. ಉದ್ದದ್ದು, ಸಾಮಾನ್ಯದ್ದು, ಗಿಡ್ಡದ್ದು. ಒಂದು ಉದ್ದ ಸ್ಕ್ರೂಡ್ರೈವರ್ ಇದ್ದರೆ ಬದಲಾಯಿಸಬಹುದು. ಗಿಡ್ಡದ್ದನ್ನು ಹಿಂದಿನ ದಿನವೇ ಹಾಕಿಟ್ಟಿದ್ದೆ. ಮಕ್ಕಳಿಗೆ ರೈಫಲ್ ಉದ್ದವಾದರೆ ಕತ್ತು ಚಾಚುತ್ತಾರೆ, ಬಟ್ ಹೆಗಲಿಗೆ ಸರಿಯಾಗಿ ಕೂರುವುದಿಲ್ಲ, ಆಮೇಲೆ "ಒದೆಯಿತು" ಅಂತ ಅಳುತ್ತಾರೆ.

ಶುರು ಮಾಡಿದ್ದು ಸಣ್ಣ ಗುಂಡಿನ .22 ರೈಫಲಿನಿಂದ. ಸದ್ದು ಕಮ್ಮಿ, ಒದೆತ ಇಲ್ಲವೇ ಇಲ್ಲ ಅನ್ನಬಹುದು. ಇಬ್ಬರೂ ಹಾಳೆಯ ಮೇಲೆ ಗುಂಡುಗಳನ್ನು ಒಂದೇ ಕಡೆ ಸೇರಿಸುವಷ್ಟು ಪಳಗಿದ ಮೇಲೆ ತ್ರೀ ನಾಟ್ ತ್ರೀ.

ಹುಡುಗನದು ಒಂದೇ ಹಟ, "ಹತ್ತೂ ತುಂಬಿಸಿ ಚಿಕ್ಕಪ್ಪ." ಮ್ಯಾಗಜಿನ್ನಿಗೆ 10 ಹಿಡಿಯುತ್ತದೆ ನಿಜ. ಮೊದಲ ಮಹಾಯುದ್ಧಕ್ಕೆ ಮುಂಚೆ ಬ್ರಿಟಿಷ್ ಸಿಪಾಯಿಗಳು ಇದರ ಹಿಂದಿನ ಮಾದರಿಗಳಲ್ಲಿ 300 ಗಜ ದೂರದ ಗುರಿಗೆ ಒಂದು ನಿಮಿಷದಲ್ಲಿ 15 ಗುಂಡು ಹೊಡೆಯುವ ಅಭ್ಯಾಸ ಮಾಡುತ್ತಿದ್ದದ್ದೂ ನಿಜ. ಅದನ್ನು ನಾನೇ ಹೇಳಿದ್ದೆ, ಸುಮ್ನೆ ಇರಬೇಕಿತ್ತೇನೋ. ಕೊಟ್ಟಿದ್ದು ಮಾತ್ರ ಒಂದು ಸಲಕ್ಕೆ ಒಂದೇ ತೋಟಾ. ಮೊದಲ ಗುಂಡಿಗೆ ಬೆಚ್ಚಿಬಿದ್ದ ಮಗುವಿನ ಕೈಯಲ್ಲಿ ಎರಡನೇ ಗುಂಡು ಇರಬಾರದು.

ಅವನ ಮೊದಲ ಏಟು ಹಾಳೆಗೇ ತಾಗಲಿಲ್ಲ. ಬಲಗಡೆ ದಿಬ್ಬದಲ್ಲಿ ಮಣ್ಣು ಹಾರಿತು. ಗುರಿ ಹಿಡಿಯಲು ನಳಿಕೆಯ ತುದಿಯಲ್ಲಿರುವ ಕಡ್ಡಿಯ ಎರಡೂ ಪಕ್ಕ ಅದನ್ನು ಕಾಯಲು ಕಿವಿಯಂಥ ಎರಡು ರೆಕ್ಕೆಗಳಿರುತ್ತವೆ. ಗಡಿಬಿಡಿಯಲ್ಲಿ ಎಡಗಡೆಯ ರೆಕ್ಕೆಯನ್ನೇ ಕಡ್ಡಿ ಅಂದುಕೊಂಡು ಗುರಿ ಇಟ್ಟಿದ್ದಾನೆ. ಹೊಸಬರಲ್ಲಿ ಇದು ಮಾಮೂಲಿ. ಎರಡನೇದು ಹಾಳೆಗೆ ಬಿತ್ತು. ಆಮೇಲಿನವು ಒಂದೊಂದೂ ಇನ್ನಷ್ಟು ಕೆಳಗೆ.

ಕಾರಣ ಗೊತ್ತಿತ್ತು, ಅವನಿಗೆ ಹೇಳಿದರೆ ಒಪ್ಪುವ ಗಿರಾಕಿ ಅಲ್ಲ. ಅವನಿಗೆ ಕಾಣದ ಹಾಗೆ ತೋಟಾ ನಾನೇ ಹಾಕತೊಡಗಿದೆ. ಕೆಲವು ನಿಜವಾದವು, ಕೆಲವು ಡಮ್ಮಿ. ಡಮ್ಮಿ ಬಂದಾಗ ಬರೀ ಕ್ಲಿಕ್. ಆದರೆ ನಳಿಕೆ ಎರಡು ಬೆರಳು ಕೆಳಕ್ಕೆ ಬಗ್ಗಿತ್ತು, ಕಣ್ಣು ಬಿಗಿಯಾಗಿ ಮುಚ್ಚಿತ್ತು, ಹೆಗಲು ಮುಂದಕ್ಕೆ ನುಗ್ಗಿತ್ತು. ಒದೆಯುವ ಮುಂಚೆಯೇ ಒದೆತಕ್ಕೆ ಉತ್ತರ ಕೊಟ್ಟುಬಿಟ್ಟಿದ್ದ. ಅಕ್ಕ ನಕ್ಕು ನಕ್ಕು ಸುಸ್ತು. ಅವನೂ ನಕ್ಕ. ಇಷ್ಟು ಚೆನ್ನಾಗಿ ತಪ್ಪು ತೋರಿಸುವ ಮೇಷ್ಟ್ರು ಬೇರೆ ಇಲ್ಲ ಅಂತ ನನ್ನ ನಂಬಿಕೆ. ಕಣ್ಣು ಬಿಟ್ಟುಕೊಂಡೇ ಕ್ಲಿಕ್ ಮಾಡುವುದು ಬರುವ ತನಕ ಮಾಡಿಸಿದೆ.

ಹುಡುಗಿಗೆ ಇದ್ಯಾವುದೂ ಬೇಕಾಗಲಿಲ್ಲ. ಹಳೇ ಮಿಲಿಟರಿ ಟ್ರಿಗರ್ ಎರಡು ಹಂತದ್ದು. ಮೊದಲು ಸಡಿಲವಾಗಿ ಹಿಂದಕ್ಕೆ ಬರುತ್ತದೆ, ಒಂದು ಕಡೆ ತಡೆಯುತ್ತದೆ, ಅಲ್ಲಿಂದ ಇನ್ನೂ ಸ್ವಲ್ಪ ಒತ್ತಿದರೆ ಹಾರುತ್ತದೆ. ಅವಳು ಆ ತಡೆಯ ತನಕ ಬಂದು, ಉಸಿರು ಬಿಟ್ಟು, ಬೇಡ ಅನ್ನಿಸಿದರೆ ಬೆರಳು ತೆಗೆದು ಮತ್ತೆ ಶುರು ಮಾಡುತ್ತಿದ್ದಳು. ಕೆಲವೇ ಗುಂಡು ಹೊಡೆದಳು, ಎಲ್ಲವೂ ಒಂದು ಅಂಗೈ ಅಗಲದಲ್ಲಿ. "ಸಾಕು ಚಿಕ್ಕಪ್ಪ, ಹೆಗಲು ನೋಯ್ತಿದೆ" ಅಂತ ತಾನೇ ಎದ್ದಳು. ಇನ್ನೊಂದು ಹೊಡಿ ಅಂತ ನಾನೂ ಹೇಳಲಿಲ್ಲ. ನೋವಾದ ಮೇಲೆ ಹೊಡೆದರೆ ತಮ್ಮನಿಗಿದ್ದ ಕಾಯಿಲೆ ಇವಳಿಗೂ ಅಂಟುತ್ತಿತ್ತು.

ಪಕ್ಕದ ಮೇಜಿನಲ್ಲಿ ನನ್ನ ಗೆಳೆಯ ಮೌಸರ್ ತಂದಿದ್ದ. ಸಾಕ್ಷಾತ್ ಕಾರ್ 98ಕೆ! ಹುಡುಗ ಅಲ್ಲೇ ಪ್ರತ್ಯಕ್ಷ. ಗೆಳೆಯ ಖಾಲಿ ಮಾಡಿ ಕೈಗೆ ಕೊಟ್ಟ. ಇದರಲ್ಲಿ ಬೋಲ್ಟಿನ ಹಿಡಿ ಎತ್ತುವಾಗಲೇ ಒಳಗಿನ ಸ್ಪ್ರಿಂಗ್ ಬಿಗಿಯಾಗಬೇಕು, ಹಾಗಾಗಿ ಎತ್ತುವುದಕ್ಕೆ ಬಲ ಬೇಕು. ಎನ್‌ಫೀಲ್ಡಿನಲ್ಲಿ ಆ ಕೆಲಸ ಬೋಲ್ಟ್ ಮುಂದಕ್ಕೆ ತಳ್ಳುವಾಗ ಆಗುತ್ತದೆ, ಎತ್ತುವುದು ಸಲೀಸು. ಹುಡುಗ ತಿಣುಕಿದ.

"ಗೇಮಲ್ಲಿ ತಾನಾಗೇ ಆಗುತ್ತೆ ಅಲ್ವಾ?" ಅಂದಳು ಅಕ್ಕ.

ಉತ್ತರ ಬರಲಿಲ್ಲ.

ಆಮೇಲೆ ಅವಳೇ ಕೇಳಿದ್ದು, "ಈ ನಿಮ್ಮ ರೈಫಲ್ಲಿಂದ ಯಾರಾದ್ರೂ ಸತ್ತಿರಬಹುದಾ?" ಇರಬಹುದು ಅಂದೆ. ಮಾಡಿದ್ದೇ ಅದಕ್ಕೆ. ಉಗ್ರಾಣದಲ್ಲೇ ಕಾಲ ಕಳೆದದ್ದೂ ಆಗಿರಬಹುದು. ಇಂಥ ಪ್ರಶ್ನೆಗೆ "ಛೇ, ಇಲ್ಲ ಬಿಡು" ಅನ್ನುವ ದೊಡ್ಡವರನ್ನು ಕಂಡರೆ ನನಗೆ ಆಗುವುದಿಲ್ಲ. ಅವಳು ಬಟ್ಟಿನ ಮೇಲಿನ ಗೀರುಗಳನ್ನು ನೋಡುತ್ತಾ, "ಹೇಳೋಕಾಗಲ್ಲ ಅಲ್ವಾ" ಅಂದಳು, ಅಷ್ಟೆ.

ಕೊನೆಗೆ ತೊಳೆಯುವ ಕೆಲಸ. ನಾವು ಹಾರಿಸಿದ್ದು ಹಳೇ ಮಿಲಿಟರಿ ತೋಟಾ. ಅದರ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ಉರಿದಾಗ ನಳಿಕೆಯಲ್ಲಿ ಉಪ್ಪು ಉಳಿಯುತ್ತದೆ, ಉಪ್ಪು ತೇವ ಎಳೆಯುತ್ತದೆ, ತುಕ್ಕು ಹಿಡಿಯುತ್ತದೆ. ಎಣ್ಣೆಗೆ ಉಪ್ಪು ಕರಗುವುದಿಲ್ಲ, ನೀರೇ ಬೇಕು. ಕುದಿನೀರು ಸುರಿಯುವ ಕೆಲಸ ನನ್ನದು, ಒರೆಸಿ ಎಣ್ಣೆ ಹಚ್ಚುವುದು ಅವರದ್ದು. ರೈಫಲಿಗೆ ನೀರು ಹಾಕ್ತಾರಾ ಅಂತ ಹುಡುಗ ಬಾಯಿ ಬಿಟ್ಟು ನೋಡಿದ. ಗೇಮಿನಲ್ಲಿ ಇದನ್ನೂ ಹೇಳಿಕೊಟ್ಟಿಲ್ಲ. ಎಲ್ಲಾ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಸಿದೆ. ಗುಂಡಿನ ಸೀಸ ಬೆರಳಿಗೆ ಅಂಟಿರುತ್ತದೆ, ಆ ಕೈಯಲ್ಲಿ ತಿನ್ನಬಾರದು.

ಹೊರಡುವಾಗ ಹುಡುಗ ಒಂದು ಖಾಲಿ ಕೇಸ್ ಬೇಕು ಅಂದ. ಹಿತ್ತಾಳೆಯದು, ಹೊಳೆಯುತ್ತಿತ್ತು. ಶಾಲೆಗೆ ಒಯ್ಯಬಾರದು ಅಂತ ಆಣೆ ಹಾಕಿಸಿ ಕೊಟ್ಟೆ. ಆದರೂ ಆ ರಾತ್ರಿಯೇ ಅತ್ತಿಗೆಗೆ ಫೋನ್ ಮಾಡಿ, ಬೆಳಿಗ್ಗೆ ಇವನ ಬ್ಯಾಗ್ ಒಮ್ಮೆ ನೋಡಿಬಿಡಿ ಅಂದೆ. ಜಾಮಿಟ್ರಿ ಬಾಕ್ಸಿನಲ್ಲಿ ಸಿಕ್ಕಿತಂತೆ.